ಕಾಕಾ ಕಿವಿಗೆ ಬಿದ್ದ ಕಂಪ್ಯೂಟರ್

ನನ್ನ ಮೊದಲ ಕೆಲಸ ಉಳಿದದ್ದು ಒಬ್ಬ ಟೆಲಿಫೋನ್ ಆಪರೇಟರರಿಂದ. ಅವರಿಗೆ ಹುಟ್ಟಿನಿಂದಲೇ ಕಣ್ಣು ಕಾಣುತ್ತಿರಲಿಲ್ಲ. ಕಂಪ್ಯೂಟರನ್ನು ಅವರು ಅದುವರೆಗೆ ಕೈಯಿಂದ ಮುಟ್ಟಿಯೂ ನೋಡಿರಲಿಲ್ಲ.

ಎಂಬತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ ಅದು. ಮೈಸೂರಿನಲ್ಲಿ ಬಿ.ಎಸ್ಸಿ. ಮುಗಿಸಿ, ಕಂಪ್ಯೂಟರ್ ಡಿಪ್ಲೊಮಾ ಒಂದನ್ನು ಮಾಡಿಕೊಂಡು, ಮುಂಬಯಿಯ ಬೊರಿವಲಿಯಲ್ಲಿದ್ದ ಚಿಕ್ಕಮ್ಮನ ಮನೆಗೆ ಬಂದಿದ್ದೆ. ಬಂದ ಎರಡನೇ ತಿಂಗಳಿಗೇ ವಿಕ್ರೋಳಿಯ ಒಂದು ಪಂಪಿನ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ಚಿಕ್ಕಪ್ಪ ಖುಷಿಯಿಂದ ಪೇಡೆ ತಂದರು. ಆದರೆ ಬೊರಿವಲಿ ಒಂದು ರೈಲು ಲೈನಿನಲ್ಲಿ, ವಿಕ್ರೋಳಿ ಇನ್ನೊಂದು ಲೈನಿನಲ್ಲಿ ಎಂಬುದು ಎಷ್ಟು ದೊಡ್ಡ ಸಂಗತಿ ಎಂದು ನನಗೆ ಮೊದಲ ದಿನವೇ ಗೊತ್ತಾಯಿತು. ಬೆಳಿಗ್ಗೆ ಆರೂವರೆಯ ಲೋಕಲ್ ಹಿಡಿದು, ಲೇಡೀಸ್ ಡಬ್ಬಿಯಲ್ಲಿ ನಿಂತುಕೊಂಡೇ ದಾದರಿಗೆ ಬಂದು, ಅಲ್ಲಿ ಸೇತುವೆ ಹತ್ತಿ ಇಳಿದು, ಸೆಂಟ್ರಲ್ ಲೈನಿನ ಇನ್ನೊಂದು ಗಾಡಿ ಹಿಡಿಯಬೇಕು. ಎಂಟೂವರೆಗೆ ಕಾರ್ಖಾನೆಯ ಗೇಟಿನೊಳಗೆ ಇರಬೇಕು. ಯಾಕೆಂದರೆ ಎಂಟೂವರೆಗೆ ಸ್ಟೋರ್ಸ್ ಬಾಗಿಲು ತೆರೆಯುತ್ತಿತ್ತು, ಸ್ಟೋರ್ಸಿನವರಿಗೆ ಕಂಪ್ಯೂಟರ್ ಬೇಕಾಗಿತ್ತು, ಕಂಪ್ಯೂಟರನ್ನು ಶುರು ಮಾಡಲು ಬರುತ್ತಿದ್ದುದು ನನಗೊಬ್ಬಳಿಗೆ.

ಇದ್ದದ್ದು ಒಂದೇ ಕಂಪ್ಯೂಟರು. ಅದಕ್ಕೊಂದು ಏಸಿ ರೂಮು, ಬಾಗಿಲ ಹೊರಗೆ ಚಪ್ಪಲಿ ಬಿಡಲು ಒಂದು ಸ್ಟ್ಯಾಂಡು. ಆ ಒಂದು ಪೆಟ್ಟಿಗೆಯೊಳಗೆ ಎರಡು ವ್ಯವಸ್ಥೆಗಳನ್ನು ಹಾಕಿದ್ದರು. ಆಫೀಸಿನ ಪತ್ರ, ಪಟ್ಟಿಗಳನ್ನು ಟೈಪ್ ಮಾಡಲು ಡಾಸ್; ಸ್ಟೋರ್ಸಿನ ಲೆಕ್ಕ ಇಡಲು ಯುನಿಕ್ಸ್. ಯುನಿಕ್ಸಿಗೆ ಸ್ಟೋರ್ಸಿನಲ್ಲೇ ಮೂರು ಟರ್ಮಿನಲ್‌ಗಳಿದ್ದವು. ಅಲ್ಲಿ ಕುಳಿತವರು ಯಾವ ಬಿಡಿಭಾಗ ಯಾವ ಕಪಾಟಿನ ಯಾವ ಖಾನೆಯಲ್ಲಿದೆ ಎಂದು ನೋಡಬಹುದಾಗಿತ್ತು. ಬೆಳಿಗ್ಗೆ ಸ್ವಿಚ್ ಹಾಕಿದರೆ ಪರದೆಯ ಮೇಲೆ ‘ಬೂಟ್’ ಎಂಬ ಶಬ್ದ ಬಂದು ನಿಲ್ಲುತ್ತಿತ್ತು. ಸುಮ್ಮನೆ ಎಂಟರ್ ಒತ್ತಿದರೆ ಯುನಿಕ್ಸ್ ಏಳುತ್ತಿತ್ತು, ಡಾಸ್ ಎಂದು ಟೈಪ್ ಮಾಡಿದರೆ ಡಾಸ್ ಏಳುತ್ತಿತ್ತು. ಎರಡೂ ಒಟ್ಟಿಗೆ ಏಳುತ್ತಿರಲಿಲ್ಲ. ಹಾಗಾಗಿ ಮಧ್ಯಾಹ್ನ ಒಂದು ಗಂಟೆ ಸ್ಟೋರ್ಸಿನವರು ಊಟಕ್ಕೆ ಹೋದಾಗ ಯುನಿಕ್ಸ್ ಮಲಗಿಸಿ ಡಾಸ್ ಎಬ್ಬಿಸಿ ಪತ್ರಗಳ ಕೆಲಸ ಮುಗಿಸಿಕೊಳ್ಳುತ್ತಿದ್ದೆ.

ನನ್ನ ರೂಮಿಗೂ ಪಕ್ಕದ ರೂಮಿಗೂ ನಡುವೆ ಇದ್ದದ್ದು ಒಂದು ಪ್ಲೈವುಡ್ ಗೋಡೆ. ಆಚೆ ಟೆಲಿಫೋನ್ ಬೋರ್ಡು. ಅದರ ಮುಂದೆ ಕುಳಿತಿರುತ್ತಿದ್ದವರೇ ಕಾಕಾ. ಕಾರ್ಖಾನೆಯವರೆಲ್ಲ ಅವರನ್ನು ಹಾಗೆಯೇ ಕರೆಯುತ್ತಿದ್ದರು. ಗದಗಿನ ಕಡೆಯವರು. ಚಿಕ್ಕಂದಿನಲ್ಲೇ ಮುಂಬಯಿಗೆ ಬಂದು, ಅಂಧರ ಶಾಲೆಯಲ್ಲಿ ಓದಿ, ಟೈಪಿಂಗೂ ಟೆಲಿಫೋನ್ ಕೆಲಸವೂ ಕಲಿತು, ಇಪ್ಪತ್ತೈದು ವರ್ಷದಿಂದ ಈ ಬೋರ್ಡಿನ ಮುಂದೆ ಕುಳಿತಿದ್ದರು. ಕರೆ ಬಂದಾಗ ಬೋರ್ಡಿನ ಮೇಲೆ ಒಂದು ಸಣ್ಣ ತಗಡಿನ ಮುಚ್ಚಳ ಟಪ್ ಎಂದು ಬೀಳುತ್ತಿತ್ತು. ಯಾವುದು ಬಿತ್ತೆಂದು ಬೆರಳಾಡಿಸಿ ತಿಳಿದು ತಂತಿ ಚುಚ್ಚುತ್ತಿದ್ದರು. ಕಾರ್ಖಾನೆಯ ನಂಬರುಗಳಷ್ಟೇ ಅಲ್ಲ, ಗಿರಾಕಿಗಳದ್ದು, ಲಾರಿಯವರದ್ದು, ಸಾಹೇಬರ ಹೆಂಡತಿಯ ತವರುಮನೆಯದ್ದು, ಎಲ್ಲವೂ ಅವರ ಬಾಯಲ್ಲಿರುತ್ತಿತ್ತು.

ಬಿಡುವಿದ್ದಾಗ ಅವರು ಗಟ್ಟಿಯಾಗಿ ಭಜನೆ ಹೇಳಿಕೊಳ್ಳುತ್ತಿದ್ದರು. ಬಿಡುವಿಲ್ಲದಾಗ ಅದಕ್ಕಿಂತ ಗಟ್ಟಿಯಾಗಿ ಮರಾಠಿ, ಹಿಂದಿ, ಇಂಗ್ಲಿಷಿನಲ್ಲಿ ‘ಹಲೋ, ಹಲೋ’ ಎನ್ನುತ್ತಿದ್ದರು. ನಾನು ಹೊಸಬಳು. ಪ್ರೋಗ್ರಾಮ್ ಬರೆಯುವಾಗ ಒಂದು ಸಾಲು ತಪ್ಪಿದರೂ ಹೆದರುತ್ತಿದ್ದೆ. ಆ ಸದ್ದಿನಲ್ಲಿ ತಲೆ ಓಡುವುದಿಲ್ಲ ಎನಿಸಿತು. ಮೂರು ತಿಂಗಳಾದ ಮೇಲೆ ಮ್ಯಾನೇಜರಿಗೆ ಅರ್ಜಿಯೊಂದನ್ನು ಬರೆದುಕೊಟ್ಟೆ: ಟೆಲಿಫೋನ್ ಬೋರ್ಡನ್ನು ಕೆಳಗೆ ಗೇಟಿನ ಹತ್ತಿರದ ರೂಮಿಗೆ ಸಾಗಿಸಿದರೆ ಕಂಪ್ಯೂಟರ್ ಕೆಲಸ ಇನ್ನೂ ಚೆನ್ನಾಗಿ ನಡೆಯುತ್ತದೆ ಎಂದು. ಮ್ಯಾನೇಜರು ಗುಜರಾತಿನವರು, ಸೌಮ್ಯ ಸ್ವಭಾವದವರು. ನೋಡೋಣ ಎಂದು ಡ್ರಾಯರಿನಲ್ಲಿ ಇಟ್ಟುಕೊಂಡರು.

ಕಾಕಾ ಮಾತ್ರ ನನ್ನ ಕೂಡ ಮೊದಲ ದಿನದಿಂದಲೂ ಕನ್ನಡದಲ್ಲೇ ಮಾತಾಡಿದರು. ಮೊದಲ ದಿನ ‘ಗುಡ್ ಮಾರ್ನಿಂಗ್’ ಎಂದ ಕೂಡಲೇ ಗೋಡೆಯ ಆಚೆಯಿಂದ “ಮೈಸೂರಿನ ಕಡೆಯಾಕಿ ಏನವಾ?” ಎಂದು ಕೇಳಿದ್ದರು. ನನ್ನ ಇಂಗ್ಲಿಷಿನಲ್ಲಿ ಮೈಸೂರು ಎಲ್ಲಿ ಕೇಳಿಸಿತೋ ನನಗೆ ಇಂದಿಗೂ ತಿಳಿಯದು.

ಮರುವರ್ಷದ ಮಳೆಗಾಲಕ್ಕೆ ಮುಂಚೆ ಸ್ಟೋರ್ಸಿನಲ್ಲಿ ದೊಡ್ಡ ಕೆಲಸವೊಂದು ನಡೆಯಿತು. ಕಾರ್ಖಾನೆ ತಗ್ಗಿನಲ್ಲಿತ್ತು, ಜೋರು ಮಳೆಗೆ ನೀರು ಒಳಗೆ ಬರುತ್ತಿತ್ತು. ಹಾಗಾಗಿ ಕೆಳಗಿನ ಕಪಾಟುಗಳಲ್ಲಿದ್ದ ಸಾವಿರಾರು ಬಿಡಿಭಾಗಗಳನ್ನು ಎರಡು ವಾರ ಹಗಲೆಲ್ಲ ಹೊತ್ತು ಮೇಲಿನ ಅಟ್ಟಕ್ಕೆ ಸಾಗಿಸಿದರು. ಯಾವುದು ಎಲ್ಲಿಗೆ ಹೋಯಿತೆಂದು ಆಗಿಂದಾಗ್ಗೆ ಯುನಿಕ್ಸಿನಲ್ಲಿ ತುಂಬಿದರು. ಪ್ರತಿ ಶನಿವಾರ ಇದನ್ನೆಲ್ಲ ಫ್ಲಾಪಿಗಳಿಗೆ ನಕಲು ಮಾಡಿ ಇಡುವುದು ನನ್ನ ಕೆಲಸ. ಒಂದೊಂದೇ ಫ್ಲಾಪಿ ಹಾಕುತ್ತಾ ತೆಗೆಯುತ್ತಾ ಎರಡು ಗಂಟೆ ಹಿಡಿಯುತ್ತಿತ್ತು. ಆ ಎರಡು ಶನಿವಾರವೂ ನಾನು ಅದನ್ನು ಮಾಡಲಿಲ್ಲ. ಒಂದು ಶನಿವಾರ ಚಿಕ್ಕಮ್ಮನ ಜೊತೆ ಮಾಟುಂಗಕ್ಕೆ ಹೋಗಿ ಹೂವು, ಕಾಫಿಪುಡಿ ತರುವುದಿತ್ತು. ಇನ್ನೊಂದು ಶನಿವಾರ ಯಾವ ಕಾರಣವೂ ಇರಲಿಲ್ಲ, ಬೇಸರವಾಗಿತ್ತು, ಅಷ್ಟೆ.

ಆಮೇಲೆ ಮಳೆ ಹಿಡಿಯಿತು. ಹಳಿಗಳ ಮೇಲೆ ನೀರು ನಿಂತು ಗಾಡಿಗಳು ನಿಂತವು. ನಾಲ್ಕು ದಿನ ಕಾರ್ಖಾನೆ ಮುಚ್ಚಿತ್ತು. ಐದನೆಯ ದಿನ ಸೀರೆಯ ನೆರಿಗೆ ಎತ್ತಿ ಹಿಡಿದುಕೊಂಡು, ಕೆಸರು ತುಳಿದುಕೊಂಡು ಹೋಗಿ ಕಂಪ್ಯೂಟರಿನ ಸ್ವಿಚ್ ಹಾಕಿದೆ. ‘ಬೂಟ್’ ಎಂಬ ಶಬ್ದ ಬರಲಿಲ್ಲ. ಅದರ ಬದಲು, ಬ್ಯಾಟರಿ ಮುಗಿದಿದೆ, ಯಂತ್ರದ ವಿವರಗಳು ಕಳೆದುಹೋಗಿವೆ ಎಂಬ ಅರ್ಥದ ಎರಡು ಸಾಲು ಬಂದವು. ದಿನಾಂಕ ನೋಡಿದರೆ ಎಂಬತ್ತನೇ ಇಸವಿಯ ಜನವರಿ ಒಂದಕ್ಕೆ ಹೋಗಿ ಕುಳಿತಿತ್ತು.

ಕಂಪ್ಯೂಟರಿನ ಒಳಗೆ ಒಂದು ಸಣ್ಣ ಬ್ಯಾಟರಿ ಇರುತ್ತದೆ. ಕಂಪ್ಯೂಟರ್ ಆರಿದ್ದಾಗ ದಿನಾಂಕ, ಸಮಯ, ತನ್ನಲ್ಲಿರುವ ಹಾರ್ಡ್ ಡಿಸ್ಕ್ ಯಾವ ನಮೂನೆಯದು, ಇಷ್ಟನ್ನು ಅದು ನೆನಪಿಟ್ಟುಕೊಂಡಿರುತ್ತದೆ. ದಿನಾ ಹಚ್ಚುತ್ತಿದ್ದರೆ ಬ್ಯಾಟರಿ ತುಂಬಿಕೊಳ್ಳುತ್ತದೆ. ನಾಲ್ಕು ದಿನ ಹಚ್ಚದೆ ಇದ್ದುದಕ್ಕೆ ಹಳೆಯ ಬ್ಯಾಟರಿ ಪೂರಾ ಇಳಿದುಹೋಗಿತ್ತು. ದಿನಾಂಕವನ್ನು ನಾನು ಹೇಳಿಕೊಡಬಲ್ಲೆ. ಡಿಸ್ಕಿನ ನಮೂನೆ ಮಾತ್ರ ಒಂದರಿಂದ ನಲವತ್ತೇಳರವರೆಗಿನ ಒಂದು ನಂಬರು. ಅದು ಯಾವುದೆಂದು ನನಗೆ ಗೊತ್ತಿರಲಿಲ್ಲ. ಈ ಕಂಪ್ಯೂಟರನ್ನು ಕೂಡಿಸಿದ್ದು ನಾನು ಬರುವುದಕ್ಕೆ ಎರಡು ವರ್ಷ ಮುಂಚೆ. ಬರೆದಿಟ್ಟ ಚೀಟಿಯೇನಾದರೂ ಇದೆಯೇ ಎಂದು ಕಪಾಟೆಲ್ಲ ಹುಡುಕಿದೆ. ಸಿಗಲಿಲ್ಲ.

ಒಂದು ಎಂದು ಕೊಟ್ಟು ನೋಡಿದೆ. ಪರದೆ ಕಪ್ಪಗೆ ಸುಮ್ಮನಾಯಿತು. ಎರಡು ಎಂದು ಕೊಟ್ಟೆ. ಕಸದಂತಹ ನಾಲ್ಕು ಅಕ್ಷರ ಬಂದು ನಿಂತಿತು. ಮೂರು ಕೊಟ್ಟೆ. ‘ಬೂಟ್’ ಎಂದು ಬಂತು. ಹೋದ ಜೀವ ಬಂದಂತಾಯಿತು. ಮೊದಲು ಡಾಸ್ ಎಬ್ಬಿಸಿದೆ, ಎದ್ದಿತು. ಪತ್ರಗಳೆಲ್ಲ ಇದ್ದವು. ಮತ್ತೆ ಸ್ವಿಚ್ ಆರಿಸಿ, ಹಚ್ಚಿ, ಯುನಿಕ್ಸಿಗಾಗಿ ಎಂಟರ್ ಒತ್ತಿದೆ. ಅರ್ಧ ಪರದೆ ಸಾಲುಗಳು ಬಂದು, ಡಿಸ್ಕ್ ಓದಲಾಗುತ್ತಿಲ್ಲ ಎಂದು ಹೇಳಿ, ಅಲ್ಲಿಗೇ ನಿಂತುಬಿಟ್ಟಿತು.

ಇನ್ನೊಮ್ಮೆ ಮಾಡಿದೆ. ಮತ್ತೆ ಮತ್ತೆ ಮಾಡಿದೆ. ಪ್ರತಿ ಸಲವೂ ಡಾಸ್ ಏಳುತ್ತಿತ್ತು, ಯುನಿಕ್ಸ್ ಅದೇ ಜಾಗದಲ್ಲಿ ನಿಲ್ಲುತ್ತಿತ್ತು.

ಅಷ್ಟರಲ್ಲಿ ಸ್ಟೋರ್ ಕೀಪರ್ ಮೇಲೆ ಬಂದರು. ನಗರದಲ್ಲಿ ಎಷ್ಟೋ ಕಟ್ಟಡಗಳ ನೆಲಮಾಳಿಗೆಗಳಲ್ಲಿ ನೀರು ತುಂಬಿತ್ತು, ನಮ್ಮ ಪಂಪುಗಳನ್ನು ಕೊಂಡವರೆಲ್ಲ ಬಿಡಿಭಾಗ ಕೇಳುತ್ತಿದ್ದರು. ಒಂದು ಆಸ್ಪತ್ರೆಯವರು ಟೆಂಪೋ ಕಳಿಸಿಯೇಬಿಟ್ಟಿದ್ದರು. ಸ್ಟೋರ್ ಕೀಪರ್ ನನ್ನ ಮೇಲೆ ರೇಗಲಿಲ್ಲ. ಆ ಮರಾಠಿ ಮನುಷ್ಯ ರೇಗುವವರೇ ಅಲ್ಲ. “ಮೇಡಂ, ಎಲ್ಲ ಅಟ್ಟದ ಮೇಲಿದೆ. ಯಾವ ಡಬ್ಬದಲ್ಲಿ ಅಂತ ನಿಮ್ಮ ಮಷೀನಿಗೆ ಮಾತ್ರ ಗೊತ್ತು” ಎಂದು ಹಿಂದಿಯಲ್ಲಿ ಹೇಳಿ, ಡಬ್ಬಗಳನ್ನು ಒಂದೊಂದಾಗಿ ತೆಗೆದು ನೋಡಲು ಜನರನ್ನು ಹಚ್ಚಿ ಬರುತ್ತೇನೆಂದು ಇಳಿದುಹೋದರು. ರೇಗಿದ್ದರೇ ಚೆನ್ನಾಗಿತ್ತು ಎಂದುಕೊಂಡೆ.

ಕಂಪ್ಯೂಟರ್ ಮಾರಿದ ಕಂಪನಿಯ ಎಂಜಿನಿಯರಿಗೆ ಫೋನ್ ಹಚ್ಚಿಕೊಡಲು ಕಾಕಾನಿಗೆ ಹೇಳಿದೆ. ಅವರ ಆಫೀಸಿನ ಮುಂದೆಯೂ ನೀರು. ಎಂಜಿನಿಯರು ನನ್ನ ವಿವರಣೆ ಕೇಳಿ, ತೇವಕ್ಕೆ ಡಿಸ್ಕ್ ಕೆಟ್ಟಿರಬೇಕು, ಯುನಿಕ್ಸ್ ಇರುವ ಭಾಗವನ್ನು ಅಳಿಸಿ ಮೊದಲಿನಿಂದ ಹಾಕಿ, ತಾವು ಶನಿವಾರದ ಒಳಗೆ ಬರಲಾಗದು ಎಂದರು. ಮ್ಯಾನೇಜರೂ ನನ್ನ ಹತ್ತಿರ ನಿಂತು ಕೇಳಿಸಿಕೊಂಡರು.

“ನಿನ್ನ ಹತ್ತಿರ ನಕಲು ಇದೆಯಲ್ಲ?” ಎಂದು ಇಂಗ್ಲಿಷಿನಲ್ಲಿ ಕೇಳಿದರು. “ಹಾಗಾದರೆ ಯಾಕೆ ಕಾಯುವುದು? ಅಳಿಸಿ ಹಾಕು.”

ಇದೆ ಎಂದೆ. ಮೂರು ವಾರ ಹಳೆಯದು ಎಂದು ಹೇಳಲು ಬಾಯಿ ಬರಲಿಲ್ಲ. ಅದರಲ್ಲಿದ್ದುದು ಅಟ್ಟಕ್ಕೆ ಸಾಗಿಸುವ ಮುಂಚಿನ ಲೆಕ್ಕ. ಅದನ್ನು ಹಾಕಿದರೆ ಯುನಿಕ್ಸ್ ಏನೋ ಏಳುತ್ತಿತ್ತು, ಪ್ರತಿ ವಸ್ತುವಿನ ಜಾಗವನ್ನೂ ತಪ್ಪು ಹೇಳುತ್ತಿತ್ತು. ನಾನು ಆರು ತಿಂಗಳ ಪ್ರೊಬೇಷನ್ ಮುಗಿಸಿ, ಅದು ಇನ್ನೂ ಆರು ತಿಂಗಳು ಮುಂದುವರಿದು, ಕಾಯಂ ಆಗುವ ಪತ್ರಕ್ಕಾಗಿ ಕಾಯುತ್ತಿದ್ದವಳು.

ಮ್ಯಾನೇಜರು ಹೋದ ಮೇಲೆ ಯುನಿಕ್ಸಿನ ಫ್ಲಾಪಿಗಳ ಪೆಟ್ಟಿಗೆ ತೆಗೆದು ಮೇಜಿನ ಮೇಲಿಟ್ಟೆ. ಮೊದಲನೆಯದನ್ನು ಹೊರಗೆ ತೆಗೆದೆ. ಹಾಕುವ ಮುಂಚೆ ಕೊನೆಯದಾಗಿ ಒಮ್ಮೆ ನೋಡೋಣವೆಂದು ಮತ್ತೆ ಎಂಟರ್ ಒತ್ತಿದೆ. ಅದೇ ಸಾಲುಗಳು, ಅದೇ ನಿಲುಗಡೆ. ಕಣ್ಣು ಒದ್ದೆಯಾಯಿತು. ಆಗ ಆಚೆಯಿಂದ ಪ್ಲೈವುಡ್ಡಿನ ಮೇಲೆ ಎರಡು ಸಲ ಬೆರಳು ಬಡಿದ ಸದ್ದಾಯಿತು.

“ತಂಗಿ, ಒಂದು ಮಾತು ಹೇಳ್ಲೇನು?”

“ಹೇಳಿ ಕಾಕಾ.”

“ಅದು ಕೆಟ್ಟಿಲ್ಲ ನೋಡು.”

ನಿಜ ಹೇಳಬೇಕೆಂದರೆ ಸಿಟ್ಟು ಬಂತು. ಇವರಿಗೇನು ಗೊತ್ತು ಎಂದುಕೊಂಡೆ.

“ದಿನಾ ಮುಂಜಾನೆ ನೀ ಅದನ್ನ ಚಾಲೂ ಮಾಡೂದು ಕೇಳ್ತೀನಲ್ಲ” ಎಂದರು ಕಾಕಾ. “ಮೊದಲ ಸಣ್ಣಗ ಕುರ್ರ್ ಅಂತೈತಿ. ಆಮ್ಯಾಲೆ ದೂರ ದೂರ ಹೋಗಿ ಹೋಗಿ ಬರತೈತಿ. ಮಧ್ಯಾಹ್ನ ನೀ ಮತ್ತೊಂದು ಹಚ್ಚತೀಯಲ್ಲ, ಅದು ದೂರ ಹೋಗೂದಿಲ್ಲ, ಇಲ್ಲೇ ಹತ್ರದಾಗ ಓಡಾಡತೈತಿ. ಇವತ್ತೂ ಅದು ಚಲೋನ ಓಡಾಡ್ತು. ಮೊದಲಿಂದು ಮಾತ್ರ ಒಂದು ಕಡೆ ತನಕ ಹೊಕ್ಕೈತಿ, ಟಕ್ ಅಂತ ನಿಂದರತೈತಿ, ಪೂರಾ ಹಿಂದಕ್ಕ ಬರತೈತಿ, ಮತ್ತ ಹೋಗಿ ಅಲ್ಲೇ ನಿಂದರತೈತಿ. ಮುಂಜಾನಿಂದ ಏಳು ಸಲ ಹಚ್ಚಿದಿ. ಏಳೂ ಸಲ ಒಂದ ನಮೂನಿ.”

“ಅದೇ ಕಾಕಾ, ಅಲ್ಲಿ ಡಿಸ್ಕ್ ಹಾಳಾಗಿದೆ ಅಂತ ಎಂಜಿನಿಯರ್ ಹೇಳಿದರು.”

“ಹಾಳಾದ ಮಷೀನು ಹಿಂಗ ಒಂದ ಸಮ ಸಪ್ಪಳ ಮಾಡೂದಿಲ್ಲವಾ. ಒಮ್ಮೆ ಹಂಗ, ಒಮ್ಮೆ ಹಿಂಗ ಒದರತೈತಿ. ಈ ಬೋರ್ಡ್ ಎಷ್ಟು ಸಲ ಕೆಟ್ಟಿಲ್ಲ, ನಾ ಕೇಳಿಲ್ಲೇನು. ಇದು ಅಲ್ಲಿಂದ ಮುಂದ ದಾರಿ ಇಲ್ಲ ಅಂತ ಯಾರೋ ಹೇಳಿ ಕಳಿಸಿದಂಗ ಮಾಡತೈತಿ.”

ಕೈಯಲ್ಲಿದ್ದ ಫ್ಲಾಪಿಯನ್ನು ಪೆಟ್ಟಿಗೆಗೆ ವಾಪಸು ಹಾಕಿದೆ. ಮುಂದೆ ದಾರಿ ಇಲ್ಲವೆಂದು ಹೇಳಿದವಳು ನಾನೇ ಇರಬಹುದೇ ಎಂಬ ಯೋಚನೆ ಆಗ ಮೊದಲ ಸಲ ಬಂತು. ಎದ್ದು ಅವರ ರೂಮಿಗೆ ಹೋದೆ. ಅವರ ಮುಂದಿನ ಸ್ಟೂಲಿನ ಮೇಲೆ ಕುಳಿತೆ. ಒಂದು ವರ್ಷದಲ್ಲಿ ಆ ರೂಮಿನೊಳಗೆ ನಾನು ಕುಳಿತದ್ದು ಅದೇ ಮೊದಲು.

“ಒಳಗೆ ಗ್ರಾಮಫೋನ್ ತಟ್ಟೆ ತರ ಇರುತ್ತೆ ಕಾಕಾ. ಅದರ ಮೇಲೆ ಸುತ್ತು ಸುತ್ತಾಗಿ ಬರೆದಿರುತ್ತೆ. ಎಷ್ಟು ಸುತ್ತು ಇದೆ, ಓದೋದಕ್ಕೆ ಎಷ್ಟು ಮುಳ್ಳು ಇದೆ ಅಂತ ಮಷೀನಿಗೆ ನಾವು ಹೇಳಬೇಕು. ಬ್ಯಾಟರಿ ಹೋಗಿ ಅದು ಮರೆತುಬಿಟ್ಟಿದೆ. ನಾನು ಅಂದಾಜಿನ ಮೇಲೆ ಮೂರನೇ ನಮೂನೆ ಅಂತ ಕೊಟ್ಟೆ. ಆ ನಮೂನೆಯಲ್ಲಿ ಆರುನೂರ ಹದಿನೈದು ಸುತ್ತು, ಆರು ಮುಳ್ಳು.”

“ಖರೇನ ಎಷ್ಟು ಅದಾವು?”

“ಗೊತ್ತಿಲ್ಲ. ಕೂಡಿಸಿದವರಿಗೆ ಗೊತ್ತಿತ್ತು. ಅವರು ಕೆಲಸ ಬಿಟ್ಟು ಹೋಗಿದಾರೆ.”

ಅಷ್ಟರಲ್ಲಿ ಒಂದು ಕರೆ ಬಂತು. ಕಾಕಾ ಅದನ್ನು ಮ್ಯಾನೇಜರಿಗೆ ಕೊಟ್ಟರು. ಆಮೇಲೆ ಹೇಳಿದರು:

“ಆ ಹುಡುಗ ಬೆಂಗಳೂರಿನಾಂವ. ಕೂಡಸಾಕ ಬಂದ ದಿನ ತನ್ನ ಆಫೀಸಿಗೆ ಟ್ರಂಕ್ ಕಾಲ್ ಮಾಡಿದ್ದ. ಲೈನ್ ಭಾಳ ಖರಾಬ್ ಇತ್ತು. ಆ ಕಡಿಯಾಂವ ಹೇಳಿದ್ದು ಈ ಹುಡುಗಗ ಕೇಳವಲ್ದು. ಕಡೀಕ ನಾನ ನಡುವ ಕುಂತು ಕೇಳಿ ಕೇಳಿ ಹೇಳಿದೆ. ನೈನ್ ಫೋರ್ ಜೀರೋ. ಮೂರು ಸಲ ಹೇಳಿಸಿದ ನನ್ನ ಕಡಿಂದ. ಏನ್ ನಂಬರೋ ಏನೋ, ಫೋನ್ ನಂಬರಂತೂ ಅಲ್ಲ, ಯಾಕಂದ್ರ ಮೂರ ಅಂಕಿ. ಅದಕ್ಕ ನೆನಪ ಉಳದೈತಿ.”

“ಒಂಬೈನೂರ ನಲವತ್ತು?”

“ಹೂಂ. ಆಮ್ಯಾಲೆ ಇನ್ನೊಂದು ಅಂಕಿ ಇತ್ತು. ಸಿಕ್ಸ್ ಅಂದನೋ, ಏಟ್ ಅಂದನೋ. ಅಷ್ಟರಾಗ ಲೈನ್ ಕಟ್ ಆತು. ಅದನ್ನ ಮಾತ್ರ ಕೇಳಬ್ಯಾಡ ನೀ ನನ್ನ. ಸುಳ್ಳು ಹೇಳಾಂವಲ್ಲ ನಾ.”

ಓಡಿಬಂದು ಪರದೆಯ ಮೇಲೆ ನಮೂನೆಗಳ ಪಟ್ಟಿಯನ್ನು ಒಂದೊಂದಾಗಿ ಇಳಿಸಿದೆ. ನಾಲ್ಕನೆಯದರ ಮುಂದೆ ಒಂಬೈನೂರ ನಲವತ್ತು ಸುತ್ತು, ಎಂಟು ಮುಳ್ಳು ಎಂದಿತ್ತು. ಐದನೆಯದರ ಮುಂದೆಯೂ ಒಂಬೈನೂರ ನಲವತ್ತೇ, ಆದರೆ ಆರು ಮುಳ್ಳು. ಕಾಕಾ ಹೇಳಿದ್ದು ಸರಿಯಾಗಿತ್ತು, ಅವರ ಅನುಮಾನವೂ ಸರಿಯಾಗಿತ್ತು.

ಎರಡರಲ್ಲಿ ಯಾವುದು? ಎರಡನ್ನೂ ಕೊಟ್ಟು ನೋಡಬಹುದಾಗಿತ್ತು. ಆದರೆ ಯುನಿಕ್ಸ್ ಏಳುವಾಗ ಡಿಸ್ಕಿನ ಮೇಲೆ ಸ್ವಲ್ಪ ಬರೆಯುತ್ತದೆ ಕೂಡ. ತಪ್ಪು ಲೆಕ್ಕದಲ್ಲಿ ಬರೆದರೆ ಇದ್ದುದೂ ಹೋಗುತ್ತಿತ್ತು. ಕುರ್ಚಿಯ ಮೇಲೆ ಕೂತು, ಕಾಗದದ ಮೇಲೆ ಗೆರೆ ಎಳೆದು ಯೋಚಿಸಿದೆ. ಮುಳ್ಳುಗಳ ಲೆಕ್ಕ ತಪ್ಪಾದರೆ ಓದುವ ಜಾಗವೆಲ್ಲ ಮೊದಲಿನಿಂದಲೇ ತಪ್ಪಿಹೋಗಬೇಕು. ಒಂದು, ಎರಡು ಕೊಟ್ಟಾಗ ಆಗಿದ್ದು ಅದೇ. ಆ ಎರಡು ನಮೂನೆಗಳಲ್ಲೂ ನಾಲ್ಕು ಮುಳ್ಳು. ಮೂರನೆಯದರಲ್ಲಿ ಆರು. ಅದರಲ್ಲಿ ಡಾಸ್ ಸಲೀಸಾಗಿ ಎದ್ದಿತ್ತು. ಹಾಗಾದರೆ ಆರು ಸರಿ. ತಪ್ಪಿದ್ದದ್ದು ಸುತ್ತುಗಳ ಲೆಕ್ಕ ಮಾತ್ರ. ಡಾಸ್ ಇದ್ದದ್ದು ಡಿಸ್ಕಿನ ಶುರುವಿನಲ್ಲಿ, ಅದಕ್ಕೆ ಏನೂ ಬಾಧೆಯಾಗಲಿಲ್ಲ. ಯುನಿಕ್ಸಿನ ಒಂದು ಭಾಗ ಇದ್ದದ್ದು ಆರುನೂರ ಹದಿನೈದರ ಆಚೆ. ಅಲ್ಲಿಂದ ಮುಂದೆ ಏನೂ ಇಲ್ಲವೆಂದು ನಾನೇ ಅದಕ್ಕೆ ಹೇಳಿ ಕೂರಿಸಿದ್ದೆ.

ಐದು ಎಂದು ಕೊಟ್ಟು, ಸ್ವಿಚ್ ಆರಿಸಿ, ಹಚ್ಚಿದೆ. ‘ಬೂಟ್’ ಬಂತು. ಎಂಟರ್ ಒತ್ತಿದೆ.

ಸಾಲುಗಳು ಬರುತ್ತಾ ಹೋದವು. ಬೆಳಗಿನಿಂದ ನಿಲ್ಲುತ್ತಿದ್ದ ಜಾಗ ಬಂತು. ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ಡಿಸ್ಕಿನ ಸದ್ದು ಉದ್ದಕ್ಕೆ ಎಳೆದುಕೊಂಡು ಹೋಯಿತು. ಅಷ್ಟು ದಿನ ಕೇಳುತ್ತಿದ್ದರೂ ನಾನು ಅದನ್ನು ಕಿವಿಗೊಟ್ಟು ಕೇಳಿರಲಿಲ್ಲ. ಗೋಡೆಯ ಆಚೆಯಿಂದ ಕಾಕಾ ಮೆಲ್ಲಗೆ “ಹೋತು, ಮುಂದ ಹೋತು” ಎಂದರು.

ಯುನಿಕ್ಸ್ ತನ್ನ ಕಡತಗಳನ್ನು ತಾನೇ ಪರೀಕ್ಷಿಸಿಕೊಂಡಿತು. ಎರಡು ಮೂರು ಕಡೆ ಸರಿಪಡಿಸಲೇ ಎಂದು ಕೇಳಿತು, ಹೌದೆಂದೆ. ಹತ್ತು ನಿಮಿಷದಲ್ಲಿ ಕೆಳಗೆ ಸ್ಟೋರ್ಸಿನ ಮೂರೂ ಟರ್ಮಿನಲ್‌ಗಳು ಹತ್ತಿಕೊಂಡವು. ಕಾಕಾನೇ ಫೋನ್ ಮಾಡಿ ಸ್ಟೋರ್ ಕೀಪರಿಗೆ ಹೇಳಿದರು. ಆಸ್ಪತ್ರೆಯ ಟೆಂಪೋ ಊಟದ ಹೊತ್ತಿಗೆ ಹೊರಟುಹೋಯಿತು.

ಆ ದಿನ ಮಧ್ಯಾಹ್ನ ನಾನು ಮೊದಲು ಮಾಡಿದ ಕೆಲಸ ಫ್ಲಾಪಿಗಳಿಗೆ ನಕಲು ಮಾಡಿದ್ದು. ಎರಡನೆಯದು, ಮ್ಯಾನೇಜರ ಹತ್ತಿರ ಹೋಗಿ, ಎರಡು ಶನಿವಾರ ನಕಲು ಮಾಡಿರಲಿಲ್ಲ ಎಂದು ಒಪ್ಪಿಕೊಂಡದ್ದು. ಕಾಕಾ ತಡೆಯದಿದ್ದರೆ ಎಲ್ಲವನ್ನೂ ಅಳಿಸಿಬಿಡುತ್ತಿದ್ದೆ ಎಂದೂ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡು, ಇನ್ನು ಮೇಲೆ ಶನಿವಾರ ನಕಲು ಆದ ಮೇಲೆ ತಮಗೊಂದು ಚೀಟಿ ಕಳಿಸಬೇಕು ಎಂದರು, ಅಷ್ಟೇ. ಕಾಯಂ ಆದ ಪತ್ರ ಮರುತಿಂಗಳು ಬಂತು. ಅದೇ ದಿನ ಮೂರನೆಯದಾಗಿ, ನನ್ನ ಆ ಅರ್ಜಿಯನ್ನು ವಾಪಸು ಕೊಡಿ ಎಂದು ಕೇಳಿದೆ. ಡ್ರಾಯರಿನಿಂದ ತೆಗೆದುಕೊಟ್ಟರು.

ಅದನ್ನು ಹರಿದುಹಾಕಿ ಸುಮ್ಮನಿರಬಹುದಿತ್ತು. ಮನಸ್ಸು ಒಪ್ಪಲಿಲ್ಲ. ಸಂಜೆ ಕಾಕಾ ಹೊರಡುವ ಹೊತ್ತಿಗೆ ಅವರ ರೂಮಿಗೆ ಹೋದೆ.

“ಕಾಕಾ, ನಿಮ್ಮ ಬೋರ್ಡನ್ನ ಕೆಳಗೆ ಹಾಕಿ ಅಂತ ನಾನು ಅರ್ಜಿ ಕೊಟ್ಟಿದ್ದೆ.”

“ಗೊತ್ತೈತಿ.”

“ಯಾರು ಹೇಳಿದರು?”

“ಯಾರ್ ಹೇಳಬೇಕು. ವೈರ್ ಎಳದು ಕೆಳಗ ಹಾಕಾಕ ಏನೇನು ಬೇಕು ಅಂತ ಸಾಹೇಬ್ರು ಟೆಲಿಫೋನಿನವರಿಗೆ ಫೋನ್ ಮಾಡಿದ್ರು. ಲೈನ್ ಕೊಟ್ಟಾಂವ ನಾನ ಅಲ್ಲೇನು.”

ನನಗೆ ತಲೆ ಎತ್ತಲಾಗಲಿಲ್ಲ. ಅವರಿಗೆ ಅದು ಕಾಣುವುದಿಲ್ಲ ಎಂಬುದು ನೆನಪಿದ್ದರೂ ತಗ್ಗಿಸಿಯೇ ನಿಂತಿದ್ದೆ. ತಪ್ಪಾಯಿತು ಎಂದೆ.

“ತಪ್ಪೇನೈತಿ ಅದರಾಗ. ನನ್ನ ದನಿ ದೊಡ್ಡದೈತಿ. ಮನ್ಯಾಗ ನನ್ನ ಹೇಣ್ತಿನೂ ಅದನ್ನ ಅಂತಾಳ” ಎಂದರು. ಕೋಲು ತೆಗೆದುಕೊಂಡರು. “ಕೆಳಗ ಹೋದ್ರ ಗೇಟಿನ ಲಾರಿ ಗದ್ದಲ. ಇಲ್ಲೆ ನಿನ್ನ ಏಸಿ ಗಾಳಿ ಗೋಡಿ ಸಂದಿಯಿಂದ ಒಂದೀಟು ಬರತೈತಿ. ನನಗೂ ಇಲ್ಲೇ ಚಲೋ.”

ನಾನು ಮೆಟ್ಟಿಲಲ್ಲಿ ಅವರ ಕೈ ಹಿಡಿಯಲು ಹೋದೆ. ಬೇಡ ಎಂದರು. ಹಿಡಿದರೆ ಮೆಟ್ಟಿಲಿನ ಲೆಕ್ಕ ತಪ್ಪುತ್ತದಂತೆ. ಪಕ್ಕದಲ್ಲಿ ಮಾತಾಡುತ್ತಾ ಬಂದರೆ ಸಾಕು ಎಂದರು. ಅವತ್ತಿನಿಂದ ಸ್ಟೇಷನ್ನಿನವರೆಗೆ ಹಾಗೆಯೇ ಬರುತ್ತಿದ್ದೆವು. ಅವರ ಮನೆಯಿದ್ದ ಚಾಳು ಸ್ಟೇಷನ್ನಿನ ಆಚೆ ಬದಿಗಿತ್ತು. ಅದೇ ಭಾನುವಾರ ಅವರ ಮನೆಗೆ ಊಟಕ್ಕೆ ಹೋದೆ. ಅವರ ಹೆಂಡತಿ ಬಡಿದ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿಯನ್ನು ನಾನು ಎಷ್ಟು ತಿಂದೆನೆಂದರೆ, “ಮೈಸೂರಿನವರು ಅನ್ನ ಅಷ್ಟ ಉಣ್ತಾರ ಅಂತಿದ್ರಲ್ಲ” ಎಂದು ಆಕೆ ಗಂಡನನ್ನು ಕೇಳಿದರು.

ಆಮೇಲೆ ನಡೆದ ಒಂದು ಸಂಗತಿಗೆ ನಾನು ಅವರಿಗೆ ಇನ್ನೂ ಹೆಚ್ಚು ಋಣಿ. ಕಾಕಾ ದಿನವೂ ಎಂಟು ಗಂಟೆಗೇ ಬರುತ್ತಿದ್ದರು. ಒಂದು ದಿನ, ನನಗಾಗಿ ಸ್ಟೋರ್ಸಿನವರು ಕಾಯುವುದು, ಸ್ಟೋರ್ಸಿಗಾಗಿ ನಾನು ಆರೂವರೆಯ ಗಾಡಿ ಹಿಡಿಯುವುದು, ಇದೆಲ್ಲ ಯಾಕೆ, ಬೆಳಿಗ್ಗೆ ಕಂಪ್ಯೂಟರನ್ನು ಎಬ್ಬಿಸುವುದನ್ನು ತಮಗೆ ಕಲಿಸು ಎಂದರು. ಅವರಿಗೆ ಟೈಪಿಂಗ್ ಚೆನ್ನಾಗಿ ಬರುತ್ತಿತ್ತು. ಸ್ವಿಚ್ ಎಲ್ಲಿದೆ ಎಂದು ತೋರಿಸಿದೆ. ಹಚ್ಚುವುದು, ಸಣ್ಣ ಕುರ್ರ್ ನಿಲ್ಲುವವರೆಗೆ ಕಾಯುವುದು, ಎಂಟರ್ ಒತ್ತುವುದು, ದೂರದ ಸದ್ದು ಮುಗಿಯುವವರೆಗೆ ಕೇಳುವುದು. ಎರಡು ದಿನದಲ್ಲಿ ಕಲಿತರು. ಸದ್ದು ಬೇರೆಯಾದರೆ ಅಲ್ಲಿಗೇ ಬಿಟ್ಟು ನನಗಾಗಿ ಕಾಯಬೇಕು ಎಂದು ಮಾತಾಯಿತು. ಮ್ಯಾನೇಜರು ಒಪ್ಪಿದರು, ನನ್ನ ಸಮಯವನ್ನು ಒಂಬತ್ತೂವರೆಗೆ ಬದಲಿಸಿದರು.

ಒಂದು ಗಂಟೆ ಎಂದರೆ ಮುಂಬಯಿಯಲ್ಲಿ ಎಷ್ಟೆಂದು ಲೋಕಲ್‌ನಲ್ಲಿ ಓಡಾಡಿದವರಿಗೆ ಗೊತ್ತು. ಆ ಗಂಟೆಯಲ್ಲಿ ನಾನು ಚಿಕ್ಕಮ್ಮನ ಜೊತೆ ಕುಳಿತು ಕಾಫಿ ಕುಡಿದಿದ್ದೇನೆ. ಮೈಸೂರಿಗೆ ಅಮ್ಮನಿಗೆ ಉದ್ದುದ್ದ ಕಾಗದ ಬರೆದಿದ್ದೇನೆ. ಒಂದು ವರ್ಷ ಪರೀಕ್ಷೆಗೆ ಓದಿಕೊಂಡು ಇನ್ನೊಂದು ಡಿಪ್ಲೊಮಾ ಮಾಡಿಕೊಂಡಿದ್ದೇನೆ, ಮುಂದಿನ ಕೆಲಸಗಳೆಲ್ಲ ಅದರ ಬಲದಿಂದ ಸಿಕ್ಕಿದ್ದು. ನಾನು ಒಳಗೆ ಬಂದು ಚಪ್ಪಲಿ ಬಿಡುವಾಗ ಕಾಕಾ ಆಚೆಯಿಂದ “ಎದ್ದೈತಿ, ಚಲೋ ಐತಿ” ಎನ್ನುತ್ತಿದ್ದರು. ಅವರ ಭಜನೆ ನಡೆಯುತ್ತಿರುವಾಗ ಪ್ರೋಗ್ರಾಮ್ ಬರೆಯುವುದು ಅಭ್ಯಾಸವಾಯಿತು.

ಮೂರು ವರ್ಷದ ಮೇಲೆ ಹೊಸ ಕಂಪ್ಯೂಟರ್ ಬಂತು. ದೊಡ್ಡ ಡಿಸ್ಕು, ಮೊದಲಿಗಿಂತ ವೇಗ. ಅದರಲ್ಲೂ ಎರಡೂ ವ್ಯವಸ್ಥೆಗಳನ್ನು ಹಾಕಿದೆ. ಡಿಸ್ಕಿನ ನಮೂನೆಯ ವಿವರಗಳನ್ನು ಪೆಟ್ಟಿಗೆಯ ಮೇಲೆ ದಪ್ಪಗೆ ಬರೆದು ಅಂಟಿಸಿದೆ. ಮರುದಿನ ಬಂದಾಗ ಕಾಕಾ ತಮ್ಮ ರೂಮಿನಲ್ಲಿ ಸುಮ್ಮನೆ ಕುಳಿತಿದ್ದರು.

“ಹಚ್ಚಿದೆ ತಂಗಿ. ಎದ್ದೈತೋ ಇಲ್ಲೋ ಗೊತ್ತಾಗವಲ್ದು. ಇದರ ಹೊಟ್ಯಾಗ ಸಪ್ಪಳನ ಇಲ್ಲ.”

ನಿಜವಾಗಿಯೂ ಇರಲಿಲ್ಲ. ಹೊಸ ಡಿಸ್ಕು ಉಸಿರಾಡಿದಷ್ಟು ಮೆತ್ತಗೆ ತಿರುಗುತ್ತಿತ್ತು. ಅಂದು ಮಧ್ಯಾಹ್ನ ಊಟದ ಬಿಡುವಿನಲ್ಲಿ ಕುಳಿತು, ಎರಡೂ ವ್ಯವಸ್ಥೆಗಳು ಏಳುವಾಗ ಓದಿಕೊಳ್ಳುವ ಕಡತಗಳ ಕೊನೆಗೆ ಒಂದೊಂದು ಸಾಲು ಸೇರಿಸಿದೆ. ಡಾಸ್ ಪೂರ್ತಿ ಎದ್ದ ಮೇಲೆ ಒಂದು ಸಲ ಬೀಪ್ ಎನ್ನಬೇಕು, ಯುನಿಕ್ಸ್ ಎದ್ದ ಮೇಲೆ ಎರಡು ಸಲ. ಆಮೇಲೆ ಪ್ಲೈವುಡ್ ಬಡಿದು ಕಾಕಾನನ್ನು ಕರೆದೆ. ಅವರು ಬಂದು ಸ್ಟೂಲಿನ ಮೇಲೆ ಕುಳಿತು, ಸ್ವಿಚ್ ಹಾಕಿ, ಎಣಿಸಿಕೊಂಡು ಕಾದು, ಎಂಟರ್ ಒತ್ತಿದರು. ಇಬ್ಬರೂ ಕಿವಿಗೊಟ್ಟು ಕಾದೆವು. ಸ್ವಲ್ಪ ಹೊತ್ತಿಗೆ ಅದು ಎರಡು ಸಲ ಬೀಪ್ ಎಂದಿತು.

ಕಾಕಾ ನಕ್ಕರು. “ಇನ್ನೊಮ್ಮೆ ಹಚ್ಚಲೇನು?” ಎಂದು ಕೇಳಿದರು.

“ಹಚ್ಚಿ ಕಾಕಾ, ಈಗ ಡಾಸ್ ನೋಡೋಣ” ಎಂದೆ.